ಸೊಂಟದ ಪಿಸ್ತೂಲು, ಖಾನಾಪುರದ ಕರಡಿ

ಮಿರಗದ ಮಳೆ ಹಿಡಿದರೆ ಸಾಕು, ಬೆಳಗಾವಿಯ ವಡಗಾವಿ, ಶಹಾಪುರ, ಅನಗೋಳದ ಹುಡುಗರ ಬೈಕುಗಳು ರವಿವಾರ ನಸುಕಿನಲ್ಲೇ ಜಾಂಬೋಟಿ ರಸ್ತೆಗೆ ಇಳಿಯುತ್ತವೆ. ವಜ್ರಪೋಹಾ, ಚಿಖಲೆ, ಪಾರವಾಡ, ಕಣಕುಂಬಿ, ಚೋರ್ಲಾ ಘಾಟು. ನಗರದಿಂದ ಒಂದು-ಒಂದೂವರೆ ತಾಸಿನ ದಾರಿಯಲ್ಲಿ ಖಾನಾಪುರ ತಾಲ್ಲೂಕಿನ ಇಷ್ಟು ದಟ್ಟ ಕಾಡು, ಇಷ್ಟು ನೀರು ಸಿಗುವುದು ದೊಡ್ಡ ಭಾಗ್ಯವೇ. ಮಳೆ ನಿಂತ ಮೇಲೆ ಟೆಂಟು ಹೊತ್ತು ಹೋಗಿ ಒಂದು ರಾತ್ರಿ ಉಳಿದು ಬರುವ ಹವ್ಯಾಸವೂ ಈಗ ಬೆಳೆದಿದೆ. ಅದರ ಬೆನ್ನಿಗೇ ಒಂದು ಪ್ರಶ್ನೆ ಹುಟ್ಟಿಕೊಂಡಿದೆ: ಕರಡಿ ಅಡ್ಡ ಬಂದರೆ ಏನು ಮಾಡೋದು? ಗುಂಪಿನಲ್ಲಿ ಯಾರದೋ ಮನೆಯಲ್ಲಿ ಪರವಾನಗಿಯ ರಿವಾಲ್ವರ್ ಇದ್ದರೆ ಮಾತು ತಾನಾಗಿ ಅದರತ್ತ ಹೊರಳುತ್ತದೆ.

ಬೆಳಗಾವಿಗೆ ಬಂದೂಕು ಹೊಸದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರು ಇದು. ಓಣಿಗೊಬ್ಬ ನಿವೃತ್ತ ಸೈನಿಕ ಸಿಗುತ್ತಾನೆ. ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆ ಹಿಡಿದು ನಿಂತವರಲ್ಲಿ ಅನೇಕರು ಅವರೇ. ಹಾಗಾಗಿ ಕಾಡಿಗೆ ಹೋಗುವಾಗ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಳ್ಳುವ ವಿಚಾರವನ್ನು ಇಲ್ಲಿ ಯಾರೂ ವಿಚಿತ್ರವೆಂದು ತಳ್ಳಿಹಾಕುವುದಿಲ್ಲ. ತಳ್ಳಿಹಾಕಲೂಬಾರದು. ಅಲಾಸ್ಕಾದಲ್ಲಿ ಅದು ನಿತ್ಯದ ರೂಢಿ. 2010ರ ಫೆಬ್ರುವರಿಯಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಆಯಾ ರಾಜ್ಯದ ಕಾಯ್ದೆಗೆ ಒಳಪಟ್ಟು ಬಂದೂಕು ಒಯ್ಯಲು ಅವಕಾಶವಿದೆ. ಅಲ್ಲಿ ನಡೆಯುವುದು ಖಾನಾಪುರದಲ್ಲಿ ಏಕೆ ನಡೆಯಬಾರದು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕಬೇಕಾದದ್ದು ಖಾನಾಪುರದ ಕಾಡಿನಲ್ಲೇ.

ಮೊದಲು ಅಂಗಡಿಯಿಂದ ಶುರುಮಾಡಬಹುದು. ಸೇನೆ, ಪೊಲೀಸರು ಬಳಸುವ 9 ಎಂಎಂ, .38ರಂಥ ಅಳತೆಗಳು ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹೊಸದಾಗಿ ಕೈಬಂದೂಕು ಕೊಳ್ಳುವವರ ಪಾಲಿಗೆ ಬಹುಮಟ್ಟಿಗೆ ಉಳಿಯುವುದು .32. ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ದಶಕಗಳಿಂದ ಮಾರಾಟದಲ್ಲಿದೆ. ಹಳೆಯ ವೆಬ್ಲಿ ಮಾದರಿಯದು, ಆರು ಗುಂಡಿನದು. 2014ರಲ್ಲಿ ಮಹಿಳೆಯರಿಗಾಗಿ ಎಂದು ‘ನಿರ್ಭೀಕ್’ ಬಂತು. ತೂಕ ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷಕ್ಕೂ ಮೇಲೆ. 2023ರಲ್ಲಿ ‘ಪ್ರಬಲ್’ ಬಂತು. ಅದರ ಗುಂಡು 50 ಮೀಟರಿನವರೆಗೆ ಕೆಲಸ ಮಾಡುತ್ತದೆ ಎಂಬುದು ತಯಾರಕರ ಮಾತು. ಮೂರೂ .32ಗಳೇ. ನಗರದಲ್ಲಿ ಮನುಷ್ಯನಿಂದ ಮನುಷ್ಯ ತನ್ನನ್ನು ರಕ್ಷಿಸಿಕೊಳ್ಳಲಿ ಎಂದು ಮಾಡಿದವು. ಆ ಕೆಲಸಕ್ಕೆ ಅವು ಸರಿಯೋ ಅಲ್ಲವೋ ಎಂಬುದು ಬೇರೆ ಚರ್ಚೆ.

ಕಾಡಿನ ಲೆಕ್ಕ ಬೇರೆ. .32 ರಿವಾಲ್ವರಿನ ಗುಂಡು ನಳಿಗೆ ಬಿಡುವಾಗ ಹೊತ್ತೊಯ್ಯುವ ಶಕ್ತಿ ಸುಮಾರು 170 ಜೂಲ್. ಅಲಾಸ್ಕಾದ ಚಾರಣಿಗರು ನೆಚ್ಚುವ .44 ಮ್ಯಾಗ್ನಮ್ ರಿವಾಲ್ವರಿನದು 1,200 ಜೂಲಿಗೂ ಹೆಚ್ಚು. ಏಳು ಪಟ್ಟು ವ್ಯತ್ಯಾಸ. ಖಾನಾಪುರದ ಗಂಡು ಕರಡಿ ನೂರು ಕಿಲೋ ದಾಟುವುದುಂಟು. ಉದ್ದ ಜಡೆಗೂದಲು, ದಪ್ಪ ಚರ್ಮ. ಹಳ್ಳಿಗರು ಗವಾ ಎನ್ನುವ ಕಾಡುಕೋಣ ಎಂಟು ನೂರು ಕಿಲೋಗೂ ಮೇಲೆ ತೂಗುತ್ತದೆ. ದಾಂಡೇಲಿ ಕಡೆಯಿಂದ ಬಂದು ಖಾನಾಪುರದ ಗದ್ದೆಗೆ ಇಳಿಯುವ ಆನೆಯ ಮುಂದೆ ಯಾವ ಕೈಬಂದೂಕಿನ ಮಾತೂ ಆಡುವಂತಿಲ್ಲ. ಇಂಥ ಪ್ರಾಣಿಗೆ .32ರ ಗುಂಡು ತಗುಲಿದರೆ ಅದು ಅಲ್ಲೇ ಬೀಳುವ ಸಂಭವ ಕಡಿಮೆ. ಗಾಯಗೊಂಡು, ಕೆರಳಿ, ಮುಂದಕ್ಕೆ ನುಗ್ಗುವ ಸಂಭವ ಹೆಚ್ಚು. ಗಾಯಗೊಂಡು ಪೊದೆ ಸೇರಿದ ಕರಡಿ ಮರುದಿನ ಸೌದೆಗೆಂದೋ ಗೇರುಬೀಜಕ್ಕೆಂದೋ ಬರುವ ಹೆಣ್ಣುಮಗಳ ದಾರಿಯಲ್ಲಿ ಇರುತ್ತದೆ. ಗುಂಡು ಹಾರಿಸಿದವನು ಆ ಹೊತ್ತಿಗೆ ಬೆಳಗಾವಿ ಸೇರಿರುತ್ತಾನೆ. ಈ ಅಭ್ಯಾಸದ ಬಗ್ಗೆ ಎತ್ತಬೇಕಾದ ಮೊದಲ ಆಕ್ಷೇಪ ಇದೇ: ಅದು ಅಪಾಯವನ್ನು ಪ್ರವಾಸಿಯ ಮೈಮೇಲಿಂದ ತೆಗೆದು ಹಳ್ಳಿಯವರ ಮೈಮೇಲೆ ಹಾಕುತ್ತದೆ.

ಎರಡನೆಯದು ಹೊತ್ತಿನ ಪ್ರಶ್ನೆ. ನಮ್ಮ ಕರಡಿ ಬೇಟೆಯಾಡಲು ಮನುಷ್ಯನ ಮೇಲೆ ಬೀಳುವುದಿಲ್ಲ. ಅದರ ಆಹಾರ ಗೆದ್ದಲು, ಇರುವೆ, ಜೇನು, ಕಕ್ಕೆಕಾಯಿ, ನೇರಳೆ, ಕವಳಿಹಣ್ಣು. ಹುತ್ತಕ್ಕೆ ಮೂತಿ ಇಟ್ಟು ಸದ್ದುಮಾಡುತ್ತ ಗೆದ್ದಲು ಹೀರುವಾಗ ಅದಕ್ಕೆ ಸುತ್ತಲಿನ ಪರಿವೆ ಇರುವುದಿಲ್ಲ. ಕಣ್ಣೂ ಅಷ್ಟು ಚುರುಕಲ್ಲ. ತಿರುವಿನಲ್ಲಿ ಮನುಷ್ಯ ಏಕಾಏಕಿ ಎದುರಾದರೆ ಬೆಚ್ಚಿ ಎರಗುತ್ತದೆ. ಹುಲಿ, ಚಿರತೆಗಳ ನಡುವೆ ಬದುಕಿದ ಪ್ರಾಣಿ, ಓಡುವುದಕ್ಕಿಂತ ಮೊದಲು ಹೊಡೆಯುವುದನ್ನು ಕಲಿತಿದೆ. ಬೆನ್ನಮೇಲೆ ಮರಿ ಇದ್ದರಂತೂ ಕೇಳುವುದೇ ಬೇಡ. ದಾಳಿಯಾಗುವುದು ಹೆಚ್ಚಾಗಿ ತಲೆ ಮತ್ತು ಮುಖಕ್ಕೆ. ಜೀವ ಉಳಿದರೂ ಕಣ್ಣು, ದವಡೆ ಕಳೆದುಕೊಂಡವರು ಈ ತಾಲ್ಲೂಕಿನಲ್ಲಿದ್ದಾರೆ.

ಇಲ್ಲಿ ಇರುವ ಅಂತರ ಎಷ್ಟು? ಹತ್ತು ಮೀಟರು, ಹದಿನೈದು ಮೀಟರು. ಕರಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೂ ಹತ್ತು ಮೀಟರಿಗೆ ಹಿಡಿಯುವುದು ಒಂದೂಕಾಲು ಸೆಕೆಂಡು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಲೆಕ್ಕವನ್ನು ಪ್ರಕಟಿಸಿದರು: ಚಾಕು ಹಿಡಿದು ಓಡಿ ಬರುವ ಮನುಷ್ಯ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ತರಬೇತಿ ಪಡೆದ ಪೊಲೀಸನಿಗೆ ಸೊಂಟದಿಂದ ಪಿಸ್ತೂಲು ತೆಗೆದು ಗುರಿಯಿಟ್ಟು ಹೊಡೆಯಲು ಅಷ್ಟೇ ಹೊತ್ತು ಬೇಕು. ಅದು ದಿನವೂ ಅಭ್ಯಾಸ ಮಾಡುವವನ ಮಾತು, ಬಯಲಿನಲ್ಲಿ, ಒಣ ನೆಲದಲ್ಲಿ. ಕೆಸರು ದಾರಿಯಲ್ಲಿ, ಮಳೆಕೋಟಿನ ಒಳಗೆ ಹುದುಗಿಸಿದ ರಿವಾಲ್ವರನ್ನು, ವರ್ಷಕ್ಕೊಮ್ಮೆಯೂ ಈಡು ಹೊಡೆಯದ ಕೈ ಹುಡುಕುವ ಹೊತ್ತಿಗೆ ಏನಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಪರವಾನಗಿ ಇದ್ದವರೂ ಅಭ್ಯಾಸ ಮಾಡುವುದು ಅಪರೂಪ. ಗುಂಡಿನ ಖರೀದಿಗೂ ಪರವಾನಗಿಯಲ್ಲೇ ಮಿತಿ ಬರೆದಿರುತ್ತದೆ. ಜೊತೆಗೆ ಕಾಲುದಾರಿಯಲ್ಲಿ ಸಾಲಾಗಿ ನಡೆಯುವ ಗುಂಪು. ಹಿಂದಿನವನ ಕೈಯಲ್ಲಿ ಪಿಸ್ತೂಲು, ಮುಂದಿನವನ ಮೇಲೆ ಕರಡಿ. ಆಗ ಗುರಿ ಯಾವುದು?

ಪಿಸ್ತೂಲಿನ ಪರ ವಾದಿಸುವವರ ಬಳಿ ಒಂದು ಗಟ್ಟಿ ಪುರಾವೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಬಂದೂಕು ಇದ್ದವರು ಕರಡಿ ಎದುರಿಸಿದ 269 ಘಟನೆಗಳನ್ನು ಪರಿಶೀಲಿಸಿತು. ಕೈಬಂದೂಕು ಬಳಸಿದ ಘಟನೆಗಳಲ್ಲಿ 84%, ಉದ್ದ ನಳಿಗೆಯವುಗಳಲ್ಲಿ 76% ಯಶಸ್ಸು ದಾಖಲಾಗಿದೆ. ಸಂಖ್ಯೆ ದೊಡ್ಡದೇ. ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಜೊತೆಗಿಟ್ಟು ಓದಬೇಕು: ಬಂದೂಕು ಕೈಯಲ್ಲಿದ್ದವರ ಪೈಕಿ ಅದನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಂದೂಕು ಕೈಕೊಟ್ಟ ಕಡೆಗಳಲ್ಲಿ ಮುಖ್ಯ ಕಾರಣ ಸ್ಪಂದಿಸಲು ಹೊತ್ತು ಸಿಗದಿದ್ದುದು. ಸ್ಮಿತ್, ಹೆರೆರೊ ಮತ್ತಿತರರು 2008ರಲ್ಲಿ ಮೆಣಸಿನ ಸ್ಪ್ರೇ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಕಂದು ಕರಡಿಗಳ ಬೇಡದ ವರ್ತನೆಯನ್ನು ಸ್ಪ್ರೇ 92% ಸಲ ತಡೆದಿತ್ತು. ಅಲಾಸ್ಕಾದ ಕಂದು ಕರಡಿ ಬಹಳ ಸಲ ಬಯಲಿನಲ್ಲಿ, ಹೊಳೆದಂಡೆಯಲ್ಲಿ, ದೂರದಿಂದಲೇ ಕಾಣುತ್ತದೆ. ಖಾನಾಪುರದ ಹೆಮ್ಮಡಗಾ ಆಚೆಯ ಕಾಡಿನಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣುವುದಿಲ್ಲ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹೊತ್ತು ತರುವವರು ಈ ವ್ಯತ್ಯಾಸವನ್ನೂ ತರಬೇಕು.

ಇನ್ನು ಕಾಯ್ದೆ. ಇಲ್ಲಿ ಸ್ವಲ್ಪ ನಿಂತು ಓದಬೇಕಾದ ಸಂಗತಿಗಳಿವೆ, ಏಕೆಂದರೆ ‘ಪರವಾನಗಿ ಇದ್ದರೆ ಮುಗೀತು’ ಎಂಬ ನಂಬಿಕೆ ವ್ಯಾಪಕವಾಗಿದೆ.

ಪರವಾನಗಿ ಹೆಸರಿದ್ದವನಿಗೆ ಮಾತ್ರ. ಅಪ್ಪನ ರಿವಾಲ್ವರನ್ನು ಮಗ ಚೀಲದಲ್ಲಿ ಹಾಕಿಕೊಂಡು ಹೊರಟರೆ ಅದು ಪರವಾನಗಿ ಇಲ್ಲದ ಆಯುಧವೇ. 1959ರ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ ಸೆರೆ. ಹೆಸರಿದ್ದವನೇ ಒಯ್ದರೂ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ ಮುಚ್ಚಿಕೊಂಡೇ ಇರಬೇಕು. ಅಂದರೆ ಕರಡಿ ಎದುರಾದಾಗ ಬೇಕಾಗುವ ಆ ಒಂದೂಕಾಲು ಸೆಕೆಂಡು ಇನ್ನಷ್ಟು ಕರಗುತ್ತದೆ.

ಖಾನಾಪುರ ತಾಲ್ಲೂಕಿನ ಭೀಮಗಡ 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ 190 ಚದರ ಕಿಲೋಮೀಟರಿಗೂ ತುಸು ಹೆಚ್ಚು. ಮಹದಾಯಿಯ ಉಗಮ, ಶಿವಾಜಿಯ ಕಾಲದ ಕೋಟೆ, ವ್ರಾಟನ್ ಬಾವಲಿ ನೆಲೆಸಿದ ಬಾರಪೇಡೆ ಗವಿ ಎಲ್ಲ ಇದರ ಒಳಗೆ. ಚಾರಣಿಗರು ಆಸೆಪಡುವುದೂ ಇದೇ ಕಾಡಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು ಹೇಳುವುದು ಸ್ಪಷ್ಟ: ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ವನ್ಯಜೀವಿಧಾಮ ಹೊಗುವಂತಿಲ್ಲ. ಜಿಲ್ಲಾಡಳಿತ ಕೊಟ್ಟ ಬಂದೂಕಿನ ಪರವಾನಗಿ ಈ ಅನುಮತಿಯ ಬದಲಿಗೆ ನಡೆಯುವುದಿಲ್ಲ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಆಯುಧ’ ಎಂದರೆ ಬಂದೂಕಷ್ಟೇ ಅಲ್ಲ. ಚಾಕು, ಬಿಲ್ಲುಬಾಣ, ಬಲೆ, ಉರುಳು ಕೂಡ ಅದರಲ್ಲಿ ಬರುತ್ತವೆ. ಪರವಾನಗಿ ಬೇಡದ ಏರ್‌ಗನ್ ಕೂಡ ಅಲ್ಲಿ ಆಯುಧವೇ. ವನ್ಯಜೀವಿಧಾಮದ ಸುತ್ತ 10 ಕಿಲೋಮೀಟರಿನೊಳಗೆ ಹೊಸ ಬಂದೂಕು ಪರವಾನಗಿ ಕೊಡಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

‘ಜೀವ ಉಳಿಸಿಕೊಳ್ಳಲು ಹೊಡೆದರೆ ತಪ್ಪೇನು?’ ಎಂದು ಕೇಳುವವರಿಗೆ 11ನೇ ಕಲಮಿನ 2ನೇ ಉಪಕಲಮು ಉತ್ತರ ಕೊಡುತ್ತದೆ. ತನ್ನ ಅಥವಾ ಮತ್ತೊಬ್ಬರ ರಕ್ಷಣೆಗಾಗಿ ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅದು ಅಪರಾಧವಲ್ಲ. ಮನುಷ್ಯನ ಜೀವಕ್ಕೆ ಕಾಯ್ದೆ ಕೊಟ್ಟ ಬೆಲೆ ಅದು. ಆದರೆ ಅದರ ಕೆಳಗೇ ಒಂದು ಷರತ್ತಿದೆ: ಆ ಹೊತ್ತಿನಲ್ಲಿ ಆತ ಇದೇ ಕಾಯ್ದೆಯನ್ನು ಮುರಿಯುತ್ತಿದ್ದರೆ ಈ ರಿಯಾಯಿತಿ ಇಲ್ಲ. ಎಂದರೆ, ಅನುಮತಿ ಇಲ್ಲದೆ ಪಿಸ್ತೂಲು ಕಟ್ಟಿಕೊಂಡು ಭೀಮಗಡ ಹೊಕ್ಕವನು ಮೈಮೇಲೆ ಬಂದ ಕರಡಿಗೆ ಗುಂಡು ಹಾರಿಸಿದರೆ ಆತ್ಮರಕ್ಷಣೆಯ ಆಸರೆಯನ್ನು ಗೇಟು ದಾಟುವಾಗಲೇ ಕಳೆದುಕೊಂಡಿರುತ್ತಾನೆ. ಕರಡಿ ಒಂದನೇ ಅನುಸೂಚಿಯ ಪ್ರಾಣಿ. ಅದನ್ನು ಬೇಟೆಯಾಡಿದ ಅಪರಾಧಕ್ಕೆ 3ರಿಂದ 7 ವರ್ಷ ಸೆರೆ. ಯಾವ ಆಯುಧ ಒಯ್ಯಬೇಕು ಎಂಬ ಚರ್ಚೆಯಲ್ಲಿ ಗುಂಡಿನ ಅಳತೆಗಿಂತ ಮೊದಲು ಮಾತಾಡಬೇಕಾದದ್ದು ಈ ಷರತ್ತಿನ ಬಗ್ಗೆ.

ಕೊಡಗಿನ ಮಾತು ಇಲ್ಲಿ ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ; ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದು ಒಂದು ಸಮುದಾಯದ ಸಂಪ್ರದಾಯಕ್ಕೆ, ಇತಿಹಾಸಕ್ಕೆ ಕೊಟ್ಟ ಮನ್ನಣೆ. ವನ್ಯಜೀವಿಧಾಮದ ಬಾಗಿಲಲ್ಲಿ ಆ ವಿನಾಯಿತಿಯೂ ಕೆಲಸ ಮಾಡುವುದಿಲ್ಲ.

ಗುಂಡೇ ಬೇಕಾದ ಸಂದರ್ಭವೂ ಖಾನಾಪುರ ಕಂಡಿದೆ. 2014ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಹಿಳೆಯೊಬ್ಬರನ್ನು ಕೊಂದ ಹುಲಿಯನ್ನು ಹಿಡಿದು, ರೇಡಿಯೊ ಕಾಲರ್ ಹಾಕಿ ಭೀಮಗಡದಲ್ಲಿ ಬಿಡಲಾಯಿತು. ಡಿಸೆಂಬರಿನಲ್ಲಿ ಅದು ಮುಡಗೈ ಹಳ್ಳಿಯ ಮಹಿಳೆಯೊಬ್ಬರನ್ನು ಕೊಂದಿತು. ಊರು ಕುದಿಯಿತು, ಅದು ಸಹಜವೇ ಆಗಿತ್ತು. ತಮ್ಮನ್ನು ಕೇಳದೆ ತಮ್ಮ ಹೊಲದ ಬದಿಗೆ ಆ ಹುಲಿಯನ್ನು ತಂದು ಬಿಟ್ಟವರ ಮೇಲೆ ಅವರಿಗೆ ಸಿಟ್ಟು ಬರದೆ ಇರಲು ಸಾಧ್ಯವಿರಲಿಲ್ಲ. ಡಿಸೆಂಬರ್ ಮುಗಿಯುವ ಮುನ್ನ ಅರಣ್ಯ ಇಲಾಖೆ ಮತ್ತು ಪೊಲೀಸರ ಜಂಟಿ ಪಡೆ ಅದನ್ನು ಗುಂಡಿಟ್ಟು ಕೊಂದಿತು. ಅದು ತರಬೇತಾದ ಪಡೆಯ ಕಾರ್ಯಾಚರಣೆ, ಮೇಲಿನವರ ಆದೇಶದೊಂದಿಗೆ ನಡೆದದ್ದು, ದಿನಗಟ್ಟಲೆ ಜಾಡು ಹಿಡಿದು ಮಾಡಿದ್ದು. ಕೆನೆತ್ ಆಂಡರ್ಸನ್ನರ ಕಥೆಗಳನ್ನು ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಓದಿ ಬೆಳೆದ ಕನ್ನಡದ ಓದುಗನಿಗೆ ಕಾಡಿನ ಬಂದೂಕಿನ ಮೇಲೆ ಒಂದು ಮೋಹ ಇರುವುದು ನಿಜ. ಆದರೆ ಆ ಪುಟಗಳಲ್ಲಿ ಆಂಡರ್ಸನ್ ನೆಚ್ಚುವುದು ಭಾರವಾದ ರೈಫಲ್ಲನ್ನು, ಅದಕ್ಕಿಂತ ಹೆಚ್ಚಾಗಿ ಸ್ಥಳೀಯರ ತಿಳಿವಳಿಕೆಯನ್ನು ಮತ್ತು ರಾತ್ರಿಗಟ್ಟಲೆ ಕಾಯುವ ತಾಳ್ಮೆಯನ್ನು.

2022ರ ಆಗಸ್ಟ್ 5ರಂದು ಬೆಳಗಾವಿಯ ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕನೊಬ್ಬನ ಮೇಲೆ ಚಿರತೆ ಎರಗಿತು. ಬಳಿಕ ಅದು ಗಾಲ್ಫ್ ಮೈದಾನದ ಪೊದೆ ಸೇರಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಡಬೇಕಾಯಿತು. ಬೋನು, ಕ್ಯಾಮೆರಾ, ಡ್ರೋನು, ಸಕ್ರೆಬೈಲಿನಿಂದ ಕರೆತಂದ ಆನೆಗಳು, ನೂರಾರು ಸಿಬ್ಬಂದಿ. ವಾರಗಟ್ಟಲೆ ಹುಡುಕಿದರೂ ಚಿರತೆ ಸಿಗಲಿಲ್ಲ. ನಗರದ ನಡುವಿನ ಒಂದು ಮೈದಾನದಲ್ಲೇ ಅಷ್ಟು ಕಣ್ಣುಗಳನ್ನು ತಪ್ಪಿಸಿಕೊಂಡ ಪ್ರಾಣಿ, ಕಾಡಿನಲ್ಲಿ ಚಾರಣಿಗನ ಎದುರು ಗುರಿಯಾಗಿ ಬಂದು ನಿಲ್ಲುತ್ತದೆ ಎಂದು ನಂಬಿ ಪಿಸ್ತೂಲು ಒಯ್ಯುವುದರಲ್ಲಿ ಹುರುಳಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸಿದ ವಿಶೇಷ ತಂಡ, ಆರೋಪಿಗಳಿಗೆ ಶಸ್ತ್ರ ತರಬೇತಿ ನಡೆದದ್ದು ಖಾನಾಪುರದ ಕಾಡಿನ ಭಾಗದಲ್ಲಿ ಎಂದು ಆರೋಪಿಸಿದೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿಯವರನ್ನೂ ಬಲಿ ತೆಗೆದುಕೊಂಡದ್ದು ನಾಡಪಿಸ್ತೂಲಿನ ಗುಂಡು. ಇಂಥ ಹಿನ್ನೆಲೆಯ ಕಾಡಿನಲ್ಲಿ ಪಿಸ್ತೂಲು ಹಿಡಿದ ಅಪರಿಚಿತನನ್ನು ಅರಣ್ಯ ರಕ್ಷಕನಾಗಲಿ ಹಳ್ಳಿಯ ಹಿರಿಯನಾಗಲಿ ಸಂಶಯದಿಂದ ನೋಡಿದರೆ ಅವರದು ತಪ್ಪಲ್ಲ.

ರೈತನ ಬಂದೂಕನ್ನು ಈ ಸಾಲಿಗೆ ಸೇರಿಸಬಾರದು. ಕಬ್ಬು, ಭತ್ತ, ಗೇರು ಬೆಳೆಯುವ ಖಾನಾಪುರದ ಕಾಡಂಚಿನ ರೈತ ಬೆಳೆರಕ್ಷಣೆಯ ಪರವಾನಗಿಯಲ್ಲಿ ಇಟ್ಟುಕೊಂಡ ಒಂಟಿ ನಳಿಗೆ ಹೆಚ್ಚಿನ ಮಟ್ಟಿಗೆ ಸದ್ದಿನ ಸಾಧನ; ಹಂದಿ, ಕಾಡುಕೋಣವನ್ನು ಹೊಲದಿಂದ ಬೆದರಿಸಿ ಓಡಿಸಲು ಅದು ಬೇಕು. ಅವನು ಅಟ್ಟಣಿಗೆಯ ಮೇಲೆ ಕೂತು ರಾತ್ರಿ ಕಾಯುವುದು ವಿಹಾರಕ್ಕಲ್ಲ. ಚುನಾವಣೆ ಬಂದಾಗಲೆಲ್ಲ ಆ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕು. ಬೆಳೆ ನಿಂತ ಕಾಲದಲ್ಲಿ ಇದು ನಿಜವಾದ ಸಂಕಟ. ಚಾರಣಿಗನ ಪಿಸ್ತೂಲು ಒಂದು ಅನಾಹುತ ಮಾಡಿದರೆ ಬಿಗಿಯಾಗುವುದು ಈ ರೈತನ ಪರವಾನಗಿಯೇ.

ಹಾಗಾದರೆ ಕೈಯಲ್ಲಿ ಏನಿರಬೇಕು? ಗವಾಳಿ, ಪಾಸ್ತೋಲಿ, ಕೊಂಗಳಾ, ತಳೇವಾಡಿಯಂಥ ಊರುಗಳ ಜನ ಮೈಲಿಗಟ್ಟಲೆ ಕಾಡುದಾರಿ ನಡೆದೇ ರೇಷನ್ನು, ಔಷಧಿ ತಂದವರು. ಅವರ ಪದ್ಧತಿ ಸರಳ: ಒಬ್ಬರೇ ಹೋಗದಿರುವುದು, ಕೈಯಲ್ಲೊಂದು ಗಟ್ಟಿ ಬಡಿಗೆ, ರಾತ್ರಿಯಾದರೆ ಬ್ಯಾಟರಿ, ದಾರಿಯುದ್ದಕ್ಕೂ ಮಾತು. ಗುಜರಾತಿನಲ್ಲಿ ಕರಡಿ ಕಾಟವಿರುವ ಹಳ್ಳಿಗಳಿಗೆ ಸಂಶೋಧಕರು ಗಂಟೆ ಕಟ್ಟಿದ ಕೋಲನ್ನು ಪರಿಚಯಿಸಿದ್ದೂ ಇದೇ ತತ್ವದ ಮೇಲೆ. ಮನುಷ್ಯ ಬರುತ್ತಿದ್ದಾನೆ ಎಂದು ಮೊದಲೇ ತಿಳಿದರೆ ಕರಡಿ ತಾನೇ ಸರಿದುಹೋಗುತ್ತದೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿ ಸದ್ದಿಲ್ಲದೆ ಓಡುವವನಿಗಿಂತ ಗಟ್ಟಿಯಾಗಿ ಹರಟುತ್ತ ನಡೆಯುವ ನಾಲ್ವರು ಹೆಚ್ಚು ಸುರಕ್ಷಿತರು. ಬೆಳಗಿನ ಜಾವ ಮತ್ತು ಮುಸ್ಸಂಜೆಯ ನಡಿಗೆ ಬೇಡ. ಹೊಸದಾಗಿ ಕೆದರಿದ ಹುತ್ತ ಕಂಡರೆ ಹಿಂದಿರುಗಿ. ಸ್ಪ್ರೇಗೆ ಸಂಬಂಧಿಸಿ ಒಂದು ಎಚ್ಚರಿಕೆ: ನಮ್ಮ ಅಂಗಡಿಗಳಲ್ಲಿ ಸಿಗುವ ಪರ್ಸಿನ ಗಾತ್ರದ ಪೆಪ್ಪರ್ ಸ್ಪ್ರೇ ಮನುಷ್ಯನಿಗಾಗಿ ಮಾಡಿದ್ದು, ಅಲಾಸ್ಕಾದ ಕರಡಿ ಸ್ಪ್ರೇ ಏಳೆಂಟು ಮೀಟರು ದೂರಕ್ಕೆ ಮೋಡದಂತೆ ಹರಡುವ ದೊಡ್ಡ ಡಬ್ಬಿ. ಒಂದರ ಯಶಸ್ಸನ್ನು ಇನ್ನೊಂದಕ್ಕೆ ಅಂಟಿಸಬಾರದು.

ಈ ಭಾಗದ ಕಾಡು-ನೀರು ನಿಜಕ್ಕೂ ಯಾರ ಜೀವ ತೆಗೆದಿವೆ ಎಂದು ನೋಡಿದರೆ ಕರಡಿಯ ಭಯ ತನ್ನ ಅಳತೆಗೆ ಬರುತ್ತದೆ. 2022ರ ನವೆಂಬರಿನಲ್ಲಿ ಬೆಳಗಾವಿಯಿಂದ ಗಡಿಯಾಚೆಯ ಕಿತವಾಡ ಜಲಪಾತಕ್ಕೆ ಹೋದ ನಾಲ್ವರು ಯುವತಿಯರು ನೀರುಪಾಲಾದರು. ಜಾರುವ ಬಂಡೆ, ಏಕಾಏಕಿ ಏರುವ ನೀರು, ತರಗೆಲೆಯ ಕೆಳಗಿನ ಹಾವು. ಚಾರಣಿಗನ ನಿತ್ಯದ ಶತ್ರುಗಳು ಇವು. ಮಳೆಗಾಲದಲ್ಲಿ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದೂ ಇದಕ್ಕಾಗಿ. ಇವುಗಳಲ್ಲಿ ಒಂದಕ್ಕೂ ಪಿಸ್ತೂಲಿನಲ್ಲಿ ಮದ್ದಿಲ್ಲ. ಒಂದು ಲಕ್ಷ ರೂಪಾಯಿಯ ರಿವಾಲ್ವರಿಗೆ ಬದಲು ಒಳ್ಳೆಯ ಹಿಡಿತದ ಬೂಟು, ಹಗ್ಗ, ಸೀಟಿ, ಬ್ಯಾಟರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಂಡು, ಉಳಿದ ಹಣದಲ್ಲಿ ಒಬ್ಬ ಸ್ಥಳೀಯ ಮಾರ್ಗದರ್ಶಿಗೆ ಮರ್ಯಾದೆಯ ಕೂಲಿ ಕೊಡಬಹುದು.

ಇಲಾಖೆಯೂ ಮಾಡಬೇಕಾದ ಕೆಲಸವಿದೆ. ಹೆಮ್ಮಡಗಾ, ಜಾಂಬೋಟಿ, ಕಣಕುಂಬಿ ದಾರಿಯ ತನಿಖಾ ಠಾಣೆಗಳಲ್ಲಿ 31ನೇ ಮತ್ತು 11ನೇ ಕಲಮುಗಳ ಸಾರವನ್ನು ಕನ್ನಡ, ಮರಾಠಿ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಲಿ. ವನ್ಯಜೀವಿಧಾಮದೊಳಗಿನ ಹಳ್ಳಿಗಳ ತರುಣರಿಗೆ ಮಾರ್ಗದರ್ಶಿಯ ತರಬೇತಿ ಕೊಡಲಿ. ಕರಡಿಯ ಕೂಡ ಬದುಕುವ ವಿದ್ಯೆ ಅವರಲ್ಲಿ ಈಗಾಗಲೇ ಇದೆ, ಸಂಬಳ ಮಾತ್ರ ಇಲ್ಲ. ಚಾರಣಿಗರದ್ದೂ ಒಂದು ಹೊಣೆಯಿದೆ: ಹೆಮ್ಮಡಗಾ ದಾಟಿದ ಮೇಲೆ ಮೊಬೈಲು ಸಿಗ್ನಲ್ ನಂಬುವಂತಿಲ್ಲ. ಯಾವ ದಾರಿ, ಎಷ್ಟು ಜನ, ಎಷ್ಟೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲೊಬ್ಬರಿಗೂ ಠಾಣೆಯಲ್ಲೊಬ್ಬರಿಗೂ ಹೇಳಿ, ಅರಣ್ಯ ಸಹಾಯವಾಣಿ 1926 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡು ಹೊರಡಬೇಕು.